ಬಾರುಕೋಲು ಅಗ್ಗಕ್ಕೆ ಸಿಗ್ತಿದ್ದ ಕಾಲ

ಸಿದ್ಧಗಂಗೆ ಜಾತ್ರೆಯಲ್ಲಿ ಜೋಡಿ ಹೋರಿ ತಂದಿರೋ ಪಕ್ಕದೂರಿನ ಹುಡುಗ ಮೊನ್ನೆ ಸಂಜೆ ಮೊಬೈಲ್ ಹಿಡ್ಕೊಂಡು ಬಂದ. "ಅಣ್ಣ, ಯುಗಾದಿ ಹೊನ್ನಾರಿಗೆ ಒಂದು ಚಾಟಿ ಬೇಕು. ಕೈಯಲ್ಲಿ ಹೆಣೆದ ತೊಗಲಿಂದೇ ಆಗ್ಬೇಕು, ರೇಟೂ ಕಮ್ಮಿ ಇರ್ಬೇಕು. ಇದು ತಗೊಳ್ಳಲಾ?" ಅಂತ ಕೇಳಿದ. ಸಿನಿಮಾದಲ್ಲಿ ಟೋಪಿ ಹಾಕ್ಕೊಂಡವನು ಬೀಸ್ತಾನಲ್ಲ, ಆ ಥರದ ಉದ್ದ ಚಾಟಿ. ಅವನಿಗೆ ಬಾಯಲ್ಲಿ ಅರ್ಧ ಹೇಳಿದೆ. ಮಿಕ್ಕಿದ್ದು ಉದ್ದ ಇದೆ, ಅದಕ್ಕೆ ಇಲ್ಲಿ ಬರೀತಿದೀನಿ.

ಇಂಡಿಯಾನಾ ಜೋನ್ಸ್ ಅಂತ 1981ರಲ್ಲಿ ಶುರುವಾದ ಸಿನಿಮಾಗಳಿಂದ ಆ ಚಾಟಿ ಹೆಸರಾಯ್ತು. ಅದಕ್ಕೆ ಚಾಟಿ ಹೆಣೆದುಕೊಟ್ಟವರು ಅಮೆರಿಕದ ಡೇವಿಡ್ ಮಾರ್ಗನ್. ಬಳಸಿದ್ದು ಕಾಂಗರೂ ತೊಗಲು. ಅದು ತೆಳ್ಳಗಿದ್ರೂ ಸುಲಭಕ್ಕೆ ಕಿತ್ತು ಬರಲ್ಲ. ಅಮೆರಿಕ, ಆಸ್ಟ್ರೇಲಿಯಾ ಕಡೆ ಬಯಲಲ್ಲಿ ನೂರಾರು ದನಗಳನ್ನ ಕುದುರೆ ಮೇಲೆ ಕೂತು ತಿರುಗಿಸೋರು. ಅಲ್ಲಿ ಚಾಟಿಯ ಕೆಲಸ ಹೊಡೆಯೋದಲ್ಲ, ಸದ್ದು ಮಾಡೋದು. ಅಮೆರಿಕದ ಚಾಟಿಯಲ್ಲಿ ಹಿಡಿಯಿಂದ ಹೆಣಿಗೆ ಒಂದೇ ಸಮ ಹರಿದು ಹೋಗುತ್ತೆ. ಆಸ್ಟ್ರೇಲಿಯಾದವರದು ಬೇರೆ, ಕೋಲೇ ಬೇರೆ, ಬಾರೇ ಬೇರೆ, ಎರಡನ್ನೂ ಸೇರಿಸಿ ಕಟ್ಟಿರ್ತಾರೆ. ನಮ್ಮ ಬಾರುಕೋಲಿಗೆ ಹತ್ತಿರದ್ದು ಇದೇ. ಹೆಸರಲ್ಲೇ ಇದೆಯಲ್ಲ, ಬಾರು ಮತ್ತು ಕೋಲು. ನೇಗಿಲ ಹಿಂದೆ ನಿಂತೋನಿಗೂ ಎತ್ತಿಗೂ ಎಷ್ಟು ದೂರ ಇರುತ್ತೆ? ಅಲ್ಲಿ ಹತ್ತಡಿ ಚಾಟಿ ಬೀಸಿದ್ರೆ ಮೊದಲು ಹರಿಯೋದು ನಮ್ಮ ಕಿವಿನೇ.

ಆ "ಛಟೀರ್" ಸದ್ದು ತೊಗಲಿಗೆ ತೊಗಲು ಬಡಿದು ಬರೋದು ಅಂತ ನಾನೂ ತಿಳ್ಕೊಂಡಿದ್ದೆ. ಅಲ್ಲ. ಚಾಟಿ ಬುಡದಲ್ಲಿ ದಪ್ಪ, ಹೋಗ್ತಾ ಹೋಗ್ತಾ ಸಣ್ಣ. ಕೈ ಕೊಟ್ಟ ಬಲ ಒಂದು ಸುರುಳಿಯಾಗಿ ತುದಿ ಕಡೆ ಓಡುತ್ತೆ, ತೂಕ ಇಳೀತಾ ಹೋದ ಹಾಗೆ ವೇಗ ಏರುತ್ತೆ. ಕೊನೆಗೆ ಅದು ಶಬ್ದದ ವೇಗವನ್ನೇ ದಾಟುತ್ತೆ, ಅಂದ್ರೆ ಗಂಟೆಗೆ ಸುಮಾರು 1,200 ಕಿಲೋಮೀಟರ್‌ಗೂ ಮೇಲೆ. ನಾವು ಕೇಳೋದು ಜೆಟ್ ವಿಮಾನ ಮಾಡೋ ಗುಡುಗಿನ ಮರಿ. ಅಮೆರಿಕದ ವಿಜ್ಞಾನಿಗಳು 1958ರಲ್ಲೇ ವೇಗದ ಫೋಟೋ ತೆಗೆದು ಇದನ್ನ ಅಳೆದಿದ್ದಾರೆ. 2002ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಇಬ್ಬರು ಆ ಸುರುಳಿಯ ಲೆಕ್ಕವನ್ನೂ ಬಿಡಿಸಿದರು. ದುರುಗಮುರುಗಿಯವರು ಬೀದಿಯಲ್ಲಿ ಚಾಟಿ ಬೀಸಿದಾಗ ಇಡೀ ಕೇರಿ ಬೆಚ್ಚಿಬೀಳೋದು ಸುಮ್ಮನೆ ಅಲ್ಲ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಸಣ್ಣಗಾಗದ ಚಾಟಿ ಸದ್ದು ಮಾಡಲ್ಲ. ನಾಲ್ಕು ವರ್ಷದ ಹಿಂದೆ ನಾನೂ ಮೊಬೈಲಲ್ಲಿ ನೋಡಿ ಒಂದು ತರಿಸಿದ್ದೆ. ಬುಡದಿಂದ ತುದಿವರೆಗೂ ಒಂದೇ ದಪ್ಪ. ಎಷ್ಟು ಬೀಸಿದ್ರೂ "ಸುಯ್" ಅನ್ನೋದೇ ಹೊರತು ಬೇರೇನಿಲ್ಲ. ಸದ್ದಿಲ್ಲದಿದ್ದಕ್ಕೆ ಹೋರಿ ಕಿವಿಗೊಡಲಿಲ್ಲ, ಹೋರಿ ಕಿವಿಗೊಡಲಿಲ್ಲ ಅಂತ ನನ್ನ ಕೈ ಮೈಮೇಲೆ ಬಿತ್ತು. ಬಲಗಡೆ ಹೋರಿ ತೊಡೆ ಮೇಲೆ ಬಾಸುಂಡೆ ಎದ್ದಿದ್ದು ನೋಡಿ ಮನೆಯವಳು ಎರಡು ದಿನ ನನ್ನ ಹತ್ರ ಮಾತಾಡಲಿಲ್ಲ. ಎರಡು ತಿಂಗಳಿಗೆ ಮೇಲಿನ ತೊಗಲು ಬಾಯಿಬಿಟ್ಟಾಗ ನೋಡ್ತೀನಿ, ಒಳಗೆ ನೂಲಿನ ಹಗ್ಗ, ಸುತ್ತ ಮಡಿಚಿ ತುರುಕಿದ ಕಾಗದ!

ನಮ್ಮ ತಾತನ ಬಾರುಕೋಲು ಇನ್ನೂ ಅಟ್ಟದ ಮೇಲಿದೆ. ಎಂಟು ಎಳೆ ಹೆಣಿಗೆ, ನಾಲ್ಕಕ್ಕೆ ಇಳಿದು ಕೊನೆಗೆ ಒಂದೇ ಬಾರು. ಅದಕ್ಕೆ ತಾತ ಕೊಟ್ಟ ದುಡ್ಡು ಸೊನ್ನೆ. ಇಲ್ಲೇ ಇರೋದು ಈ ವಸ್ತುವಿನ ಚರಿತ್ರೆ.

ಟಿಪ್ಪು ಬಿದ್ದ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಕಂಪನಿ ಡಾಕ್ಟರು ಮೈಸೂರು ಸೀಮೆ ಸುತ್ತಿ ಕಂಡಿದ್ದೆಲ್ಲ ಬರೆದಿಟ್ಟ. ಮಾದಿಗರು ತೊಗಲು ಹದ ಮಾಡೋ ಕ್ರಮವನ್ನೂ ಬರೆದಿದ್ದಾನೆ. ಕುರಿ, ಮೇಕೆ ತೊಗಲಿಗೆ ಎಕ್ಕದ ಹಾಲು, ಉಪ್ಪು, ರಾಗಿ ಸಂಗಟಿ ಕಲಸಿ ತಿಕ್ಕೋದು. ದನ, ಎಮ್ಮೆ ತೊಗಲನ್ನ ಸುಣ್ಣದ ನೀರಲ್ಲಿ ಎಂಟು ದಿನ ನೆನೆಹಾಕಿ ಕೂದಲು ತೆಗೆಯೋದು. ಆಮೇಲೆ ತಂಗಡಿ ಕಡ್ಡಿ ಹಾಕಿದ ನೀರಲ್ಲಿ ನಾಲ್ಕು ದಿನ, ಹೊಸ ತಂಗಡಿ ಹಾಕಿ ಮತ್ತೆ ನಾಲ್ಕು ದಿನ. ಹಾಗೆ ಮಾಡಿದ ತೊಗಲು ಚೆನ್ನಾಗಿಲ್ಲ ಅಂತ ಅವನು ಷರಾ ಬರೆದ. ಇರಬಹುದು, ಆದ್ರೆ ಆ ತೊಗಲಿನ ಮಿಣಿ, ಕಪಿಲೆ ಚೀಲ, ಚಪ್ಪಲಿ, ಬಾರುಕೋಲು ಇಲ್ಲದೆ ಈ ಸೀಮೆಯಲ್ಲಿ ಒಂದು ಗದ್ದೆಗೂ ನೀರು ಹತ್ತುತ್ತಿರಲಿಲ್ಲ. ನಮ್ಮ ಬದುಗಳ ಮೇಲೆ ಹಳದಿ ಹೂ ಬಿಟ್ಕೊಂಡು ನಿಂತಿರೋ ತಂಗಡಿ, ನಾವು ಕಳೆ ಅಂತ ಕಡಿಯೋದು, ಅದೇ.

ಇಷ್ಟೆಲ್ಲ ಮಾಡಿದವರಿಗೆ ಸಿಗ್ತಿದ್ದಿದ್ದು ಸುಗ್ಗಿಯಲ್ಲಿ ಕಣದ ಕಾಳು. ಸತ್ತ ದನ ಎಳೆಯೋದು, ಸುಲಿಯೋದು, ವಾಸನೆಯಲ್ಲಿ ಹದಿನೈದಿಪ್ಪತ್ತು ದಿನ ಕೈ ಅದ್ದೋದು, ಎಲ್ಲಾ ಸೇರಿ ವರ್ಷಕ್ಕೊಂದು ಆಯ. ಅದನ್ನೂ ದೂರ ನಿಂತು ಸೆರಗೊಡ್ಡಿ ಇಸ್ಕೊಬೇಕು. ಒಂದು ಬರದ ವರ್ಷ ನಮ್ಮ ತಾತ ಕಾಳು ಅಳೆಯಲೇ ಇಲ್ಲವಂತೆ. ಹೊಸ ಬಾರುಕೋಲು ಮಾತ್ರ ಆ ವರ್ಷವೂ ಬಂತು. ಇದನ್ನ ನಮ್ಮಪ್ಪ ನಗ್ತಾ ಹೇಳ್ತಿದ್ರು. ನಾನೂ ಎಷ್ಟೋ ವರ್ಷ ನಕ್ಕಿದೀನಿ.

ಆಮೇಲೆ ಕರೆಂಟು ಪಂಪ್‌ಸೆಟ್ ಬಂತು, ಕಪಿಲೆ ಹೋಯ್ತು. ನನ್ನ ಲೆಕ್ಕದಲ್ಲಿ ಬಾರುಕೋಲು ಸಾಯೋಕೆ ಟ್ರ್ಯಾಕ್ಟರ್‌ಗಿಂತ ಇದೇ ಮುಖ್ಯ ಕಾರಣ. ದೊಡ್ಡ ಚೀಲದ ಕೆಲಸ ಇದ್ದಾಗ ಅಂಚಿನ ತುಂಡಲ್ಲಿ ಬಾರು ಹುಟ್ಟುತ್ತಿತ್ತು. ಬರೀ ಬಾರಿಗೋಸ್ಕರ ಯಾರು ತೊಗಲು ಹದ ಮಾಡ್ತಾರೆ? ಅಷ್ಟೊತ್ತಿಗೆ ಸತ್ತ ದನ ಎಳೆಯಲ್ಲ ಅನ್ನೋ ಮಾತೂ ಕೇರಿಗಳಲ್ಲಿ ಎದ್ದಿತ್ತು. ಅಂಬೇಡ್ಕರ್ ಅದನ್ನ ಎಷ್ಟೋ ಮೊದಲೇ ಹೇಳಿದ್ರು. ಸರ್ಕಾರ 1976ರಲ್ಲಿ ಲಿಡ್ಕರ್ ಮಾಡ್ತು, ಅಲ್ಲಿ ಶೂ, ಬೆಲ್ಟು, ಬ್ಯಾಗು ಬಂತು. ಊರಿನ ಹುಡುಗರು ಗಾರ್ಮೆಂಟ್ಸಿಗೆ, ಬೆಂಗಳೂರಿಗೆ ಹೋದ್ರು. "ಕಸುಬು ಬಿಟ್ಟುಬಿಟ್ರು" ಅಂತ ನಮ್ಮೋರು ಕಟ್ಟೆ ಮೇಲೆ ಕೂತು ಮರುಗೋದು ಕೇಳಿದ್ರೆ ನನಗೆ ಸಿಟ್ಟು ಬರುತ್ತೆ.

ಆ ಹುಡುಗನ್ನ ಕರ್ಕೊಂಡು ಭಾನುವಾರ ಒಬ್ಬ ಹಿರಿಯರ ಹತ್ರ ಹೋಗಿದ್ದೆ. ಈಗ ಚಪ್ಪಲಿ ರಿಪೇರಿ ಮಾಡ್ತಾರೆ, ಹೆಣಿಗೆ ಕೈ ಮರೆತಿಲ್ಲ. ಹುಡುಗನ ಮೊಬೈಲ್ ನೋಡಿ ನಕ್ಕು, ಏನೇನು ನೋಡ್ಬೇಕು ಅಂತ ಅವರೇ ಹೇಳಿದ್ರು. ಬುಡ ದಪ್ಪ, ತುದಿ ಸಣ್ಣ ಇರ್ಬೇಕು. ಬಗ್ಗಿಸಿದಾಗ ಎಳೆಗಳ ಮಧ್ಯೆ ಒಳಗಿನದು ಕಾಣಬಾರದು. ಒಳಗೂ ತೊಗಲೇ ಇರ್ಬೇಕು. ತುದಿಗೆ ಕತ್ತಾಳೆ ನಾರಿನ ಕುಚ್ಚು ಬೇರೆ ಕಟ್ಟಿರ್ಬೇಕು. ಸದ್ದು ಮಾಡೋದೂ ಅದೇ, ಮೊದಲು ಸವೆಯೋದೂ ಅದೇ, ಬದಲಾಯಿಸ್ತಾ ಇರ್ಬೇಕು. ತಿಂಗಳಿಗೊಂದ್ಸಲ ಹರಳೆಣ್ಣೆ ಸವರಬೇಕು. ಹೊಸಬ ಮೊದಲು ಎತ್ತಿಲ್ಲದ ಬಯಲಲ್ಲಿ, ಕಣ್ಣಿಗೆ ಕನ್ನಡಕ ಹಾಕ್ಕೊಂಡು ಕಲೀಬೇಕು. ನಾನು ಸೇರಿಸಿದ್ದು ಇಷ್ಟೇ: ಕೋಲಿನ ತುದಿಗೆ ಮೊಳೆ ಹೊಡೀಬೇಡ, ಮುಳ್ಳುಗೋಲು 1965ರ ಕೇಂದ್ರದ ನಿಯಮದಲ್ಲೇ ನಿಷೇಧ.

ರೇಟು ಕೇಳಿದ್ವಿ. ಮೊಬೈಲಲ್ಲಿದ್ದದ್ದರ ಮೂರರಷ್ಟು ಹೇಳಿದ್ರು, ಅರ್ಧ ಮುಂಗಡ. ಹುಡುಗ ನನ್ನ ಮುಖ ನೋಡಿದ. "ನಿಮ್ಮ ತಾತನಿಗೆ ನಮ್ಮಪ್ಪ ಬರ್ಕೊಂಡೂ ಕೊಟ್ಟಿಲ್ಲ, ಕೇಳ್ಕೊಂಡೂ ಕೊಟ್ಟಿಲ್ಲ" ಅಂದ್ರು ಅವರು, ನನ್ನ ಕಡೆ ನೋಡದೆ, ಉಳಿ ಮಸೀತಾ. ಹುಡುಗ ಜೇಬಿಗೆ ಕೈ ಹಾಕಿದ. ನಾನೂ ಒಂದಕ್ಕೆ ಮುಂಗಡ ಕೊಟ್ಟೆ. ಹೊನ್ನಾರಿಗೆ ಎರಡು ದಿನ ಮುಂಚೆ ಬನ್ನಿ ಅಂದಿದ್ದಾರೆ.