ಕಸೂತಿಗೆ ಗಂಟೆ ಲೆಕ್ಕ ಎಲ್ಲೈತಿ?

ವರ್ಕ್ ಫ್ರಮ್ ಹೋಮ್ ಅನ್ನೋದು 2020ರ ಲಾಕ್‌ಡೌನ್‌ನಾಗ ಹುಟ್ಟಿತು ಅಂತ ನಾವು ಐಟಿ ಮಂದಿ ತಿಳಿದೀವಿ. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಅದನ್ನ ತಲೆಮಾರುಗಳಿಂದ ಮಾಡ್ಕೋತ ಬಂದಾರ. ಅದರ ಹೆಸರು ಕಸೂತಿ.

ಇಳಕಲ್ ಸೀರೆಯ ಮ್ಯಾಲೆ ಗೋಪುರ, ತೇರು, ಆನೆ, ತುಳಸಿಕಟ್ಟೆ. ಮೊದಲು ಗೆರೆ ಎಳೆಯೋದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ, ಮುರಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ದಾರಕ್ಕ ಗಂಟು ಹಾಕೋ ಹಂಗಿಲ್ಲ. ಗವಂತಿ, ಮುರಗಿಯಂತೂ ಎರಡೂ ಬದಿಗೆ ಒಂದೇ ಥರ ಕಾಣಬೇಕು.

ಮೊದಲು ಇದನ್ನ ಮನೆಯವರಿಗಾಗಿ, ಮಗಳ ಮದುವೆಗಾಗಿ ಹಾಕ್ತಿದ್ದರು. ಕೂಲಿಯ ಮಾತೇ ಇರಲಿಲ್ಲ. ಮುಂದ ಮಾರುಕಟ್ಟೆ ಬಂತು, ಕೂಲಿಯೂ ಬಂತು. ಆದರೆ ಲೆಕ್ಕ ಹೆಚ್ಚಾಗಿ ಸೀರೆಗೆ ಇಷ್ಟು ಅಂತ. ಎಳೆ ಎಣಿಸಿದ ಹೊತ್ತನ್ನ ಯಾರೂ ಎಣಿಸಲಿಲ್ಲ.

ಮನೆಯಿಂದ ದುಡಿಯೋರನ್ನೂ ಉಳಿದ ಕಾರ್ಮಿಕರಂತೆಯೇ ಕಾಣಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೇ ಒಡಂಬಡಿಕೆ ತಂದಿತು. ಭಾರತ ಅದನ್ನು ಅನುಮೋದಿಸಿಲ್ಲ. 2006ರಲ್ಲಿ ಕಸೂತಿಗೆ ಜಿಐ ಮಾನ್ಯತೆ ಸಿಕ್ಕಿತು. ಕಲೆಯ ಹೆಸರಿಗೆ ಕಾನೂನಿನ ರಕ್ಷಣೆ ಬಂತು, ಸೂಜಿ ಹಿಡಿದ ಕೈಗೆ ಇನ್ನೂ ಬರಬೇಕು.

ಕೆಲಸಕ್ಕ ಮರಳಬೇಕು ಅನ್ನೋ ತಾಯಂದಿರಿಗೆ ‘ಮನ್ಯಾಗ ಕೂತು ಏನಾರ ಮಾಡ್ರಿ’ ಅನ್ನೋರು ಬಾಳ ಮಂದಿ. ಅವರನ್ನ ಒಂದು ಮಾತು ಕೇಳ್ರಿ: ಗಂಟೆಗೆ ಎಷ್ಟು?