ಬಟ್ಟೆ ಒಗೆಯುವ ಕಲ್ಲು

ನಮ್ಮಣ್ಣನ ಮಗಳು ಜರ್ಮನಿಯಲ್ಲಿದ್ದಾಳೆ. ಯುಗಾದಿಗೆ ಬೂದಿಗೆರೆಗೆ ಬಂದಾಗ ಅಲ್ಲಿಯ ಫೋಟೋಗಳನ್ನೆಲ್ಲ ತೋರಿಸಿದಳು. ರೈನ್ ನದಿಯ ಸೀಮೆ, ಗುಡ್ಡದ ಇಳಿಜಾರಿನ ತುಂಬ ದ್ರಾಕ್ಷಿ ತೋಟ, ಅದರ ನಡುವೆ ಕೆಂಪು ಕಲ್ಲಿನ ದೊಡ್ಡದೊಂದು ಚರ್ಚು. ಊರಿನ ಹೆಸರು ಓಪನ್‌ಹೈಮ್. ಸಂತ ಕ್ಯಾಥರೀನಳ ಹೆಸರಿನ ಆ ಚರ್ಚನ್ನು ಹದಿಮೂರನೆಯ ಶತಮಾನದಲ್ಲಿ ಕಟ್ಟಲು ತೊಡಗಿದರಂತೆ. 1689ರಲ್ಲಿ ಫ್ರೆಂಚ್ ಸೈನ್ಯ ಊರಿಗೆ ಬೆಂಕಿಯಿಟ್ಟಾಗ ಚರ್ಚೂ ಸುಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಮತ್ತೆ ಸರಿಪಡಿಸಿ ನಿಲ್ಲಿಸಿದರು. ಪೂಜೆಗೆ ದ್ರಾಕ್ಷಾರಸ ಬೇಕೇ ಬೇಕಾದ್ದರಿಂದ ಆ ಕಡೆ ಸನ್ಯಾಸಿಗಳೇ ತೋಟ ಬೆಳೆಸಿದರು. 1136ರಲ್ಲಿ ಸ್ಥಾಪನೆಯಾದ ಎಬರ್‌ಬಾಖ್ ಮಠ ಇಂದಿಗೂ ವೈನಿಗೆ ಹೆಸರುವಾಸಿ.

"ಅತ್ತೆ, ದ್ರಾಕ್ಷಿ ನಮ್ಮಲ್ಲೂ ಇದೆಯಲ್ಲ. ಹಳೆಯದು ಅಂತ ಇಲ್ಲೇನಿದೆ, ನನಗೂ ತೋರಿಸಿ" ಎಂದಳು.

ಇಪ್ಪತ್ತಾರು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ತಾಜಮಹಲಿನ ಬಗ್ಗೆ ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ನಮ್ಮ ಸುತ್ತಮುತ್ತಲಿನ ಮಾತು ಬಂದಾಗ ಮಾತ್ರ ತಡವರಿಸಿದೆ.

ಆ ಭಾನುವಾರ ಇಬ್ಬರೂ ಹೊರಟೆವು. ಮೊದಲು ದೇವನಹಳ್ಳಿ ಕೋಟೆ. ಆವತಿಯ ಪಾಳೆಯಗಾರರ ಮನೆತನದ ಮಲ್ಲಬೈರೇಗೌಡ 1501ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದಕ್ಕೆ ಕಲ್ಲಿನ ಗೋಡೆ ಬಂದದ್ದು ಹೈದರ್ ಮತ್ತು ಟಿಪ್ಪು ಕಾಲದಲ್ಲಿ. ಟಿಪ್ಪು ಹುಟ್ಟಿದ್ದೂ ಈ ಊರಲ್ಲೇ. 1791ರಲ್ಲಿ ಕೋಟೆ ಕಾರ್ನ್‌ವಾಲಿಸನ ವಶವಾಯಿತು. ಒಳಗೆ ಇಂದಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ, ವೇಣುಗೋಪಾಲಸ್ವಾಮಿಗೆ ಪೂಜೆ ನಡೆಯುತ್ತದೆ.

ಅಲ್ಲಿಂದ ನಂದಿಗೆ. ಬೆಟ್ಟಕ್ಕೆ ಹೋಗುವವರು ಸಾವಿರ, ಕೆಳಗಿನ ಭೋಗನಂದೀಶ್ವರನನ್ನು ನೋಡುವವರು ಕೆಲವರು. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಎಂದು ಹೇಳುವ ವಾಡಿಕೆ. ಈ ದೇವಾಲಯವನ್ನು ಒಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದವಳು ಒಬ್ಬ ಹೆಣ್ಣು, ಬಾಣ ಅರಸ ವಿದ್ಯಾಧರನ ರಾಣಿ ರತ್ನಾವಳಿ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ತಮ್ಮ ತಮ್ಮ ಕಾಲದಲ್ಲಿ ಒಂದೊಂದನ್ನು ಸೇರಿಸುತ್ತ ಹೋದರು. ಸಾವಿರದ ಇನ್ನೂರು ವರ್ಷವಾದರೂ ಆಕೆಯ ಹೆಸರು ಉಳಿದಿದೆ. ಹುಡುಗಿ ಆ ಹೆಸರನ್ನು ಎರಡು ಸಲ ಹೇಳಿಕೊಂಡಳು.

ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರಗಳು. ನಮ್ಮ ದ್ರಾಕ್ಷಿಯನ್ನು ಸನ್ಯಾಸಿಗಳು ಬೆಳೆಸಿದ್ದಲ್ಲ, ರೈತರು ಬೆಳೆಸಿದ್ದು. ಬೆಂಗಳೂರು ನೀಲಿ ಎಂಬ ಈ ತಳಿ ಹೊರಗಿನಿಂದ ಬಂದು ನೂರು ವರ್ಷಕ್ಕೂ ಮೇಲಾಯಿತು. ಸಿಪ್ಪೆ ದಪ್ಪ, ಒಳಗೆ ಬೀಜ, ಬಾಯಿಗಿಟ್ಟರೆ ಹುಳಿ ಸಿಹಿ ಎರಡೂ. ಈಗ ಇದರಿಂದ ವೈನೂ ಮಾಡುತ್ತಾರೆ. ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, 1990ರ ದಶಕದಿಂದ ಫ್ರಾನ್ಸಿನ ತಳಿಗಳ ವೈನ್ ತಯಾರಾಗುತ್ತಿದೆ. 2007ರಲ್ಲಿ ಸರ್ಕಾರವೇ ಅದಕ್ಕೊಂದು ನೀತಿ ತಂದಿತು.

ಇನ್ನು ನಮ್ಮ ತೋಟದ ಕಥೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆಯ ಭೂಮಿಗೆ ಚಿನ್ನದ ಬೆಲೆ. ಅಣ್ಣ ತೋಟವನ್ನು ಲೇಔಟಿನವರಿಗೆ ಮಾರಿದ. ನಾನು ಅವನನ್ನು ದೂರುವುದಿಲ್ಲ. ಬೋರ್‌ವೆಲ್ ಬತ್ತಿತ್ತು, ಸಾಲವಿತ್ತು, ಮಕ್ಕಳು ಯಾರೂ ಮಣ್ಣು ಮುಟ್ಟುವವರಲ್ಲ. ಚಪ್ಪರದ ಕಲ್ಲುಕಂಬಗಳನ್ನು ಕೀಳಲು ಜೆಸಿಬಿ ಬಂದ ದಿನ ನಾನೂ ಹೋಗಿದ್ದೆ. ತೊಟ್ಟಿಯ ಪಕ್ಕ ನಮ್ಮಮ್ಮ ಮೂವತ್ತು ವರ್ಷ ಬಟ್ಟೆ ಒಗೆದ ಚಪ್ಪಡಿ ಇತ್ತು. ಅದನ್ನು ಎತ್ತಿ ಮಗುಚಿದಾಗ ಅಡಿಯಲ್ಲಿ ಕೆತ್ತನೆ ಕಾಣಿಸಿತು. ಮೇಲೆತ್ತಿದ ಒಂದು ಹೆಣ್ಣಿನ ಕೈ, ಅದರ ತುಂಬ ಬಳೆ. ಪಕ್ಕದಲ್ಲಿ ಕತ್ತಿ ಹಿಡಿದ ಗಂಡಸು.

ಅದು ಮಾಸ್ತಿಕಲ್ಲು. ಗಂಡನೊಂದಿಗೆ ಚಿತೆಯೇರಿದವಳ ನೆನಪಿಗೆ ನೆಟ್ಟ ಕಲ್ಲು. ಬಳೆ ತೊಟ್ಟ ಆ ಕೈ ಆಕೆ ಮುತ್ತೈದೆಯಾಗಿಯೇ ಹೋದಳೆಂಬ ಗುರುತು. 1829ರಲ್ಲಿ ಬೆಂಟಿಂಕ್ ಸತಿಯನ್ನು ನಿಷೇಧಿಸಿದನೆಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ಎರಡು ಅಂಕಕ್ಕೆ ಬಾಯಿಪಾಠ ಮಾಡುತ್ತಾರೆ. ಸತಿ ಎಂದರೆ ಬಂಗಾಳದ್ದೆಂದೇ ನಾನೂ ತಿಳಿದಂತಿದ್ದೆ. ಅದು ನಮ್ಮ ತೊಟ್ಟಿಯ ಪಕ್ಕವೇ ಬೋರಲಾಗಿ ಬಿದ್ದಿತ್ತು.

ಕಲ್ಲಿನ ಮೇಲೆ ಒಂದಕ್ಷರವೂ ಇಲ್ಲ. ಪಾದ್ರಿಯೊಬ್ಬರ ಮಗ, ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ನಮ್ಮ ಜಿಲ್ಲೆಯ ಶಾಸನಗಳನ್ನು ಒಟ್ಟುಮಾಡಿ 1905ರಲ್ಲಿ ಅಚ್ಚು ಹಾಕಿಸಿದರು. ಬರಹವೇ ಇಲ್ಲದ ಕಲ್ಲಿಗೆ ಅಂಥ ಪುಸ್ತಕದಲ್ಲಿ ಜಾಗವೆಲ್ಲಿ? ರಾಣಿಯ ಹೆಸರು ಉಳಿಯಿತು, ಇವಳದು ಉಳಿಯಲಿಲ್ಲ.

"ಒಂದು ಕಲ್ಲಿಗೆ ಇಷ್ಟೊಂದು ರಾದ್ಧಾಂತವೇ?" ಎಂದು ಗದರಿದ ಅಣ್ಣನೇ ಕೊನೆಗೆ ಟ್ರ್ಯಾಕ್ಟರ್ ಕೊಟ್ಟ. ಕಲ್ಲನ್ನು ಅರಳಿಕಟ್ಟೆಯ ಪಕ್ಕ ನೆಡಿಸಿದೆವು. ಮಾರನೆಯ ದಿನವೇ ಯಾರೋ ಅರಿಶಿನ ಕುಂಕುಮ ಇಟ್ಟಿದ್ದರು. ಸುಟ್ಟುಹೋದದ್ದನ್ನು ಪೂಜಿಸುವುದು ನನಗೆ ಒಪ್ಪಿಗೆಯಿಲ್ಲ, ಮರೆಯುವುದಂತೂ ಇನ್ನೂ ಒಪ್ಪಿಗೆಯಿಲ್ಲ. ಏಳನೆಯ ತರಗತಿಯ ಹುಡುಗಿಯರನ್ನು ಅಲ್ಲಿಗೇ ಕರೆದೊಯ್ದು ಪಾಠ ಮಾಡಿದೆ. "ಅವಳಿಗೆ ಇಷ್ಟ ಇತ್ತಾ ಮಿಸ್?" ಎಂದು ಒಬ್ಬಳು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದದ್ದಿಲ್ಲ.

ನೀವೂ ತವರಿಗೆ ಹೋದಾಗ ಒಗೆಯುವ ಕಲ್ಲು, ಮೋರಿಯ ಚಪ್ಪಡಿ, ಹಿತ್ತಲ ಮೆಟ್ಟಿಲುಗಳನ್ನೊಮ್ಮೆ ನೋಡಿ. ಲೇಔಟಿನ ಮಣ್ಣು ಮುಚ್ಚಿದ ಮೇಲೆ ನೋಡಲು ಏನೂ ಇರುವುದಿಲ್ಲ.

ಅಮ್ಮನಿಗೀಗ ಎಂಬತ್ತರ ಮೇಲಾಯಿತು. ಕೈಹಿಡಿದು ಕರೆತಂದು ಕಲ್ಲು ತೋರಿಸಿದೆ. ಬಹಳ ಹೊತ್ತು ಆ ಬಳೆಗಳ ಮೇಲೆ ಬೆರಳಾಡಿಸುತ್ತ ನಿಂತಿದ್ದು, "ಅಯ್ಯೋ, ಇಷ್ಟು ವರ್ಷ ಇವಳ ಬೆನ್ನ ಮೇಲೇ ಬಡಿದೆನಲ್ಲೇ" ಎಂದಳು.