ತಲಪರಿಗೆಯ ಸೀಮೆ

ಮಂಗಳೂರಿನ ಬೇಸಗೆಯೇ ಬೇರೆ, ಪಾವಗಡದ ಬೇಸಗೆಯೇ ಬೇರೆ. ಕಡಲ ಕರೆಯಲ್ಲಿ ಗಾಳಿಯಲ್ಲೇ ನೀರಿನ ಪಸೆಯುಂಟು. ಮೈಯ ಬೆವರು ಆರದು, ಜನ ಗಾಳಿಗೆ ಹಂಬಲಿಸುತ್ತಾರೆ. ಬಯಲುಸೀಮೆಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಹಂಬಲವೆಲ್ಲ ನೀರಿನದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಿರಿಯರು ಇದಕ್ಕೆ ಕಂಡುಕೊಂಡ ಉಪಾಯವೇ ತಲಪರಿಗೆ.

ತಲಪರಿಗೆಯೆಂದರೆ ನೆಲದಡಿಯ ಒರತೆಯ ಕಣ್ಣು. ಕೆರೆಯ ನೀರನ್ನು ಬಿಸಿಲು ಹೀರಿದರೂ ಮರಳಿನಡಿಯ ನೀರನ್ನು ಅಷ್ಟು ಸುಲಭವಾಗಿ ಹೀರಲಾರದು. ಅಲ್ಲಿ ತೋಡಿ, ಜಿನುಗಿದ ನೀರನ್ನು ಕಿರುಗಾಲುವೆಯಲ್ಲಿ ಹೊಲಕ್ಕೆ ಹರಿಸುತ್ತಿದ್ದರು. ಇಲ್ಲವೆ ಕಪಿಲೆ ಹೂಡಿ ಎತ್ತುಗಳಿಂದ ಎತ್ತಿಸುತ್ತಿದ್ದರು. ಬಿ. ಎಲ್. ರೈಸ್ ಅವರು 1897ರ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ವಿವರಿಸಿದ್ದಾರೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮುರುಗಳಿಗೆ ಗೆರೆಯೆಳೆದರೆ ಅದರ ಮೂಡಲೆಲ್ಲ ತಲಪರಿಗೆಯ ಸೀಮೆ. ತೆಂಕಲಲ್ಲಿ ಮರಳು ತೋಡಿದರೆ ಸಾಕು. ಪಾವಗಡದಲ್ಲಿ ಮೆದುಗಲ್ಲನ್ನು ಕಡಿಯಬೇಕು.

ಇರಾನಿನ ಒಣನಾಡಿನವರೂ ಬೆಟ್ಟದ ಬುಡದ ನೀರನ್ನು ಕನಾತ್ ಎಂಬ ಸುರಂಗದಲ್ಲಿ ಊರಿಗೆ ತಂದರು. ಎರಡೂ ಕಡೆ ಕಟ್ಟಳೆ ಒಂದೇ: ಒರತೆ ಕೊಟ್ಟಷ್ಟೇ ನೀರು.

ಕೊಳವೆಬಾವಿಗಳು ಬಂದ ಮೇಲೆ ಆ ಕಟ್ಟಳೆ ಮುರಿಯಿತು. ನೂರಾರು ಅಡಿ ಆಳದಿಂದ ನೀರೆಳೆದಂತೆಲ್ಲ ಮೇಲಿನ ಒರತೆಗಳು ಸೊರಗಿದವು. ಎಷ್ಟೋ ತಲಪರಿಗೆಗಳು ಹೂಳಿನಡಿ ಮರೆಯಾದವು. ಅವು ಎಲ್ಲಿದ್ದುವೆಂದು ಬಲ್ಲ ಮುದುಕರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರಿರುವಾಗಲೇ ಜಾಗ ಕೇಳಿಟ್ಟುಕೊಂಡು, ಉಳಿದವುಗಳ ಹೂಳನ್ನಾದರೂ ತೆಗೆಯಬಾರದೆ?